ತಲೆಗೆ ಪೆಟ್ಟಾಗಿ ಮನೆಗೆ ಬಂದ ಮೇಲೆ: ಆಕ್ಯುಪೇಷನಲ್ ಥೆರಪಿ ಬಗ್ಗೆ ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಡಿಕೆ ಮರದಿಂದ ಬಿದ್ದವರು, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರು, ಸ್ಟ್ರೋಕ್ ಆದವರು. ಕಾರಣ ಬೇರೆ ಬೇರೆ ಇರಬಹುದು, ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಮನೆಯವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ನಾನು ಆಕ್ಯುಪೇಷನಲ್ ಥೆರಪಿಸ್ಟ್; ಇಂಥವರಿಗೆ ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವುದು ನನ್ನ ಕೆಲಸ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಸ್ಕ್ಯಾನ್ ನಾರ್ಮಲ್ ಅಂದರು. ಆದರೆ ಮನುಷ್ಯ ಮೊದಲಿನ ಹಾಗಿಲ್ಲ. ಇದು ಹೇಗೆ?

ಸಿ.ಟಿ. ಸ್ಕ್ಯಾನ್ ಮುಖ್ಯವಾಗಿ ತುರ್ತಿನ ವಿಷಯ ನೋಡಲು ಇರುವುದು. ಒಳಗೆ ರಕ್ತ ಹೋಗಿದೆಯಾ, ಎಲುಬು ಮುರಿದಿದೆಯಾ, ಮಿದುಳು ಊದಿದೆಯಾ, ಆಪರೇಷನ್ ಬೇಕಾ ಎನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಬೈಕಿನಿಂದ ರಪ್ಪನೆ ಬಿದ್ದಾಗ ಇನ್ನೊಂದು ಹಾನಿಯೂ ಆಗುತ್ತದೆ. ಬುರುಡೆಯೊಳಗೆ ಮಿದುಳು ಅಲುಗಾಡಿ, ತಿರುಚಿ, ಅದರೊಳಗಿನ ಅತಿ ಸಣ್ಣ ನರದ ಎಳೆಗಳು ಜಗ್ಗಿ ಹೋಗುತ್ತವೆ. ಸಿ.ಟಿ.ಯಲ್ಲಿ ಇದು ಕಾಣದೇ ಹೋಗಬಹುದು. ಎಂ.ಆರ್.ಐ.ಯಲ್ಲೂ ಎಲ್ಲ ಕಾಣುತ್ತದೆ ಎನ್ನುವಂತಿಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವುದು ಈ ಎಳೆಗಳೇ. ಆದ್ದರಿಂದ ಯೋಚನೆ ನಿಧಾನವಾಗುತ್ತದೆ, ಗಮನ ಹರಿದು ಹೋಗುತ್ತದೆ.

ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ತೊಂದರೆ ಇನ್ನೂ ವಿಚಿತ್ರ. ಕೈಕಾಲು ಸರಿ ಇರುತ್ತದೆ, ಮಾತೂ ಸರಿ ಇರುತ್ತದೆ. ಕೆಲಸ ಶುರು ಮಾಡುವುದು, ಸಿಟ್ಟು ತಡೆಯುವುದು, ಮುಂದಿನದ್ದನ್ನು ಯೋಚಿಸುವುದು, ಇವೇ ಆಗುವುದಿಲ್ಲ. ಹೊರಗಿನವರಿಗೆ "ಎಂತ ಆಗಿದೆ ಇವನಿಗೆ, ಚಂದ ಇದ್ದಾನಲ್ಲ" ಅಂತ ಕಾಣುತ್ತದೆ.

ಡಿಸ್ಚಾರ್ಜ್ ಚೀಟಿಯಲ್ಲಿ ಜಿ.ಸಿ.ಎಸ್. (ಗ್ಲಾಸ್ಗೋ ಕೋಮಾ ಸ್ಕೇಲ್) ಎಂಬ ಅಂಕಿ ಇರುತ್ತದೆ, ಪ್ರಜ್ಞೆ ಎಷ್ಟಿತ್ತು ಎಂದು ಹೇಳುವುದು. 1974ರಲ್ಲಿ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ತಂದ ಅಳತೆ ಅದು. 3ರಿಂದ 15ರ ವರೆಗೆ ಹೋಗುತ್ತದೆ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಆದರೆ ಸೌಮ್ಯ ಎಂದು ಬರೆದವರಲ್ಲೂ ಕೆಲವರಿಗೆ ತಲೆನೋವು, ಮರೆವು, ಗಲಾಟೆ ತಡೆಯಲಾಗದ ಸ್ಥಿತಿ ತಿಂಗಳುಗಟ್ಟಲೆ ಇರುತ್ತದೆ. ಸುಮ್ನೆ ನಾಟಕ ಅಂತ ತಳ್ಳಿಹಾಕಬೇಡಿ.

ಫಿಸಿಯೋ ಮಾಡಿಸುತ್ತಿದ್ದೇವೆ. ಆಕ್ಯುಪೇಷನಲ್ ಥೆರಪಿ ಬೇರೆಯಾ?

ಬೇರೆ. ಫಿಸಿಯೋಥೆರಪಿ ನಡಿಗೆ, ಬಲ, ಕೀಲುಗಳ ಚಲನೆ ನೋಡುತ್ತದೆ. ಆಕ್ಯುಪೇಷನಲ್ ಥೆರಪಿ ಕೇಳುವ ಪ್ರಶ್ನೆ ಇನ್ನೊಂದು: ಬೆಳಗ್ಗೆ ಎದ್ದವರು ರಾತ್ರಿ ಮಲಗುವ ತನಕ ಏನೇನು ಮಾಡುತ್ತಿದ್ದರು, ಅದರಲ್ಲಿ ಈಗ ಯಾವುದು ಆಗುತ್ತಿಲ್ಲ, ಏಕೆ ಆಗುತ್ತಿಲ್ಲ?

ಒಂದು ಉದಾಹರಣೆ ಕೊಡುತ್ತೇನೆ. ಅಪ್ಪನ ಬಲಗೈ ತಲೆಯ ಮೇಲಿನ ತನಕ ಏಳುತ್ತದೆ, ಮುಷ್ಟಿ ಗಟ್ಟಿ ಇದೆ. ಆದರೂ ಅಂಗಿ ಹಾಕಲು ಬರುವುದಿಲ್ಲ. ಯಾವ ಕೈ ಮೊದಲು, ಯಾವುದು ಅಂಗಿಯ ಮೇಲ್ಭಾಗ ಎನ್ನುವ ಕ್ರಮ ತಪ್ಪಿದೆ. ಕೈಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಇದು ಸರಿಯಾಗುವುದಿಲ್ಲ. ಮುಂಡು ಉಡುವುದು, ಗಡ್ಡ ಮಾಡುವುದು, ಮಾತ್ರೆ ಎಣಿಸುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕುವುದು, ಎಲ್ಲ ನಮ್ಮ ವಿಭಾಗಕ್ಕೆ ಬರುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸತೂ ಅಲ್ಲ. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಇದರ ಮೊದಲ ಶಾಲೆ ಶುರು ಮಾಡಿದರು. ಆದರೂ ನಮ್ಮ ಕಡೆ ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ "ಓ, ಫಿಸಿಯೋದವರಾ?" ಅಂತಾರೆ. ಅಭ್ಯಾಸ ಆಗಿದೆ.

ಸತ್ತ ಮಿದುಳಿನ ಭಾಗ ಮತ್ತೆ ಬೆಳೆಯುತ್ತದಾ?

ಇಲ್ಲ. ಆದರೆ ಉಳಿದ ಭಾಗಗಳು ಹೊಸ ದಾರಿ ಕಲಿಯುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಮಿದುಳಿಗೆ ಪೆಟ್ಟಾದ ಸೈನಿಕರ ಜೊತೆ ಕೆಲಸ ಮಾಡಿದರು. ಹಳೆಯ ದಾರಿ ಮುಚ್ಚಿದ್ದರೆ ಅದೇ ಕೆಲಸಕ್ಕೆ ಇನ್ನೊಂದು ದಾರಿಯಿಂದ ತಲುಪಿಸಬೇಕು ಎನ್ನುವುದು ಅವರ ಚಿಕಿತ್ಸೆಯ ಮೂಲ. ಇವತ್ತಿಗೂ ನಾವು ಮಾಡುವುದು ಹೆಚ್ಚುಕಮ್ಮಿ ಅದನ್ನೇ. ಕೆಲವನ್ನು ಅಭ್ಯಾಸದಿಂದ ಮರಳಿ ತರುತ್ತೇವೆ. ಬಾರದ್ದಕ್ಕೆ ಪುಸ್ತಕ, ಅಲಾರಂ, ಗುರುತು ಹಾಕಿದ ಡಬ್ಬಿ, ಹೀಗೆ ಹೊರಗಿನ ಊರುಗೋಲು ಕೊಡುತ್ತೇವೆ.

ಎಷ್ಟು ಸಮಯ ಬೇಕು? ಎರಡು ವರ್ಷ ಆದ ಮೇಲೆ ಪ್ರಯೋಜನ ಇಲ್ಲವಂತೆ, ಹೌದಾ?

ಮೊದಲ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಒಂದೆರಡು ವರ್ಷದ ತನಕ ಸುಧಾರಣೆ ಚೆನ್ನಾಗಿ ಕಾಣುತ್ತದೆ. ಆಮೇಲೆ ನಿಧಾನ, ಆದರೆ ಬಾಗಿಲು ಹಾಕಿಬಿಡುತ್ತದೆ ಎನ್ನುವುದು ಸುಳ್ಳು. ಐದು ವರ್ಷ ಕಳೆದವರೂ ಹೊಸ ಅಭ್ಯಾಸ ಕಲಿಯಬಲ್ಲರು. ತಿಂಗಳ ಲೆಕ್ಕದಲ್ಲಿ "ಪೂರ್ತಿ ಗುಣ" ಎಂದು ಖಾತ್ರಿ ಕೊಟ್ಟು ಪ್ಯಾಕೇಜ್ ಮಾರುವವರನ್ನು ಮಾತ್ರ ನಂಬಬೇಡಿ.

ನೋಡಲು ಬಂದವರೆಲ್ಲ "ನಾನ್ಯಾರು ಹೇಳು, ಗುರ್ತ ಸಿಕ್ಕಿತಾ?" ಅಂತ ಕೇಳುತ್ತಾರೆ. ಇದರಿಂದ ನೆನಪು ಬರುತ್ತದಾ?

ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಮೊದಲು ನಿಲ್ಲಿಸಬೇಕಾದದ್ದು ಇದನ್ನೇ.

ಪ್ರಜ್ಞೆ ಬಂದ ಕೂಡಲೇ ನೆನಪು ಬರುವುದಿಲ್ಲ. ನಡುವೆ ಒಂದು ಗೊಂದಲದ ಹಂತ ಇದೆ. ಕಣ್ಣು ಬಿಟ್ಟಿರುತ್ತಾರೆ, ಮಾತಾಡುತ್ತಾರೆ, ಆದರೆ ದಿನದ ಘಟನೆ ತಲೆಯಲ್ಲಿ ಉಳಿಯುವುದಿಲ್ಲ. ಆಸ್ಪತ್ರೆಯನ್ನು ಮನೆ ಅಂತಾರೆ, ತೀರಿಹೋದ ಅಜ್ಜಿಯನ್ನು ಕರೆಯುತ್ತಾರೆ, ಟ್ಯೂಬ್ ಕಿತ್ತು ಹಾಕುತ್ತಾರೆ. ಕೆಲವರಿಗೆ ಇದು ಕೆಲವು ಗಂಟೆ, ಕೆಲವರಿಗೆ ವಾರಗಟ್ಟಲೆ. ಆಗ ಪರೀಕ್ಷೆ ಮಾಡಿದರೆ ಆಗುವುದು ಅವಮಾನ ಮತ್ತು ಸಿಟ್ಟು ಮಾತ್ರ.

ಬಂದವರು ತಾವೇ ಹೆಸರು ಹೇಳಲಿ. "ಭಾವ, ನಾನು ನೀರ್ಚಾಲಿಂದ ಬಂದೆ, ನಿಮ್ಮ ತಂಗಿಯ ಗಂಡ" ಅಂದರೆ ಮುಗಿಯಿತು. ಒಂದು ಸಲಕ್ಕೆ ಒಬ್ಬರೋ ಇಬ್ಬರೋ ಸಾಕು, ಹತ್ತು ನಿಮಿಷ ಸಾಕು. ಟಿ.ವಿ. ಆಫ್ ಇರಲಿ. ಎದುರಿಗೆ ದೊಡ್ಡ ಕ್ಯಾಲೆಂಡರ್, ದೊಡ್ಡ ಗಡಿಯಾರ ಇಡಿ. ಬೆಳಗ್ಗೆ ನೀವೇ ಹೇಳಿ: "ಅಪ್ಪ, ಇವತ್ತು ಮಂಗಳವಾರ. ನಾವು ನಮ್ಮ ಮನೆಯಲ್ಲಿದ್ದೇವೆ. ನಿಮಗೆ ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು, ಈಗ ಕಡಿಮೆ ಆಗ್ತಾ ಇದೆ." ನಾಳೆಯೂ ಅದನ್ನೇ ಹೇಳಿ. ಊರಿನ ಪ್ರೀತಿಯನ್ನು ತಡೆಯುವುದು ಕಷ್ಟ, ನನಗೂ ಗೊತ್ತು. ಮನೆಯಲ್ಲಿ ಒಬ್ಬರು ಗಟ್ಟಿ ಮನಸ್ಸಿನವರು ಜಗಲಿಯಲ್ಲಿ ಕೂತು ಬಂದವರಿಗೆ ಅಲ್ಲಿಯೇ ಬೆಲ್ಲ ನೀರು ಕೊಟ್ಟು ಕಳುಹಿಸಲಿ.

ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಥೆರಪಿ ಯಾವ ಭಾಷೆಯಲ್ಲಿ ಆಗಬೇಕು?

ಮನೆಯಲ್ಲಿ ಅವರು ಸಿಟ್ಟು ಮಾಡುತ್ತಿದ್ದ ಭಾಷೆ ಯಾವುದೋ ಅದರಲ್ಲಿ ಶುರು ಮಾಡಿ.

ಕಾಸರಗೋಡಿನ ಮಟ್ಟಿಗೆ ಇದು ಬಹಳ ದೊಡ್ಡ ವಿಷಯ, ಆದರೂ ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ನೆನಪು, ಗಮನ ಅಳೆಯುವ ಪರೀಕ್ಷೆಗಳಲ್ಲಿ ಹೆಚ್ಚಿನವು ಮಾತಿನ ಮೂಲಕವೇ ನಡೆಯುತ್ತವೆ. ಐದು ಶಬ್ದ ಹೇಳಿ ಐದು ನಿಮಿಷ ಬಿಟ್ಟು ಕೇಳುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಶಬ್ದ ಹೇಳಬಲ್ಲಿರಿ ಎಂದು ಕೇಳುತ್ತಾರೆ. ಹವ್ಯಕ ಕನ್ನಡವೋ ತುಳುವೋ ಮಾತಾಡುವ ಅಜ್ಜನಿಗೆ ಇದನ್ನು ಮಲಯಾಳದಲ್ಲಿ ಕೇಳಿದರೆ ಅಂಕ ಕಡಿಮೆ ಬರುವುದು ಖಂಡಿತ. ಆ ಅಂಕ ಪೆಟ್ಟಿನದ್ದಾ, ಭಾಷೆಯದ್ದಾ ಎಂದು ಯಾರಿಗೂ ಹೇಳಲಾಗುವುದಿಲ್ಲ. "ಇದು ಯಾವ ತಿಂಗಳು?" ಎಂಬ ಪ್ರಶ್ನೆಗೆ ಅಜ್ಜ ತುಳು ತಿಂಗಳ ಹೆಸರು ಹಿಡಿದು "ಆಟಿ" ಎಂದರೆ, ಆಗ ಆಟಿಯೇ ನಡೆಯುತ್ತಿದ್ದರೆ, ಅದು ಸರಿ ಉತ್ತರ. ಪರೀಕ್ಷೆ ಮಾಡುವವರಿಗೆ ಗೊತ್ತಿಲ್ಲದಿದ್ದರೆ ಜೊತೆಗೆ ಹೋದ ನೀವು ಹೇಳಿ. ಓದು ಎಷ್ಟು ಎನ್ನುವುದೂ ಅಷ್ಟೇ ಮುಖ್ಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರನ್ನು ಡಿಗ್ರಿ ಓದಿದವರ ಅಳತೆಗೆ ಹೋಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾ ಮಾಲೆಯಲ್ಲಿ ವಯಸ್ಸು, ಓದು, ಗಂಡು ಹೆಣ್ಣು ನೋಡಿ ಬೇರೆ ಬೇರೆ ಅಳತೆ ಕೊಟ್ಟಿರುವುದು ಇದಕ್ಕೇ.

ಮಾತೇ ಹೋದವರಲ್ಲಿ ಇನ್ನೊಂದು ತಮಾಷೆ ಇದೆ. ಎರಡು ಮೂರು ಭಾಷೆ ಗೊತ್ತಿದ್ದವರಿಗೆ ಹೆಚ್ಚಾಗಿ ಎಲ್ಲ ಭಾಷೆಗಳೂ ಒಟ್ಟಿಗೇ ಸ್ವಲ್ಪ ಸ್ವಲ್ಪ ಮರಳುತ್ತವೆ. ಕೆಲವರಿಗೆ ಮಾತ್ರ ಒಂದು ಮುಂದೆ, ಇನ್ನೊಂದು ಹಿಂದೆ. ತಾಯಿಭಾಷೆ ಬಿಟ್ಟು ಆಮೇಲೆ ಕಲಿತದ್ದು ಮೊದಲು ಬರುವುದೂ ಉಂಟು. ಆಗ ಬಂದ ಭಾಷೆಯಲ್ಲಿ ಮಾತಾಡಿಸಿ, "ನಮ್ಮ ಭಾಷೆ ಬಿಟ್ಟಿರಾ" ಅಂತ ಹಂಗಿಸಬೇಡಿ.

ಮೊಬೈಲಿನಲ್ಲಿ ಬ್ರೈನ್ ಗೇಮ್ ಆಡಿಸುತ್ತಿದ್ದೇವೆ. ಒಳ್ಳೆಯದಲ್ವಾ?

ಆಟದಲ್ಲಿ ಚುರುಕಾಗುತ್ತಾರೆ. ಮಾತ್ರೆ ತೆಗೆದುಕೊಳ್ಳಲು ನೆನಪಾಗುವುದಿಲ್ಲ. ಆಟದಲ್ಲಿ ಕಲಿತದ್ದು ದಿನದ ಕೆಲಸಕ್ಕೆ ದಾಟುವುದು ಬಹಳ ಕಡಿಮೆ. ದಿನಕ್ಕೆ ಕಾಲು ಗಂಟೆ ಖುಷಿಗೆ ಆಡಲಿ, ಬೇಡ ಅನ್ನುವುದಿಲ್ಲ.

ಗಮನಕ್ಕೆ ಅಭ್ಯಾಸ ಬೇಕಿದ್ದರೆ ತೋಟದ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನು ರಾಶಿ ಬಿದ್ದಿದೆ. ಸುಲಿದ ಚಾಲಿ ಅಡಿಕೆ ಕೊಟ್ಟು ವಿಂಗಡಿಸಲು ಹೇಳಿ. ಮೊದಲ ವಾರ ಎರಡೇ ಪಾಲು: ಒಳ್ಳೆಯದು, ಕರಿಗೋಟು (ಕಪ್ಪಾಗಿ ಹಾಳಾದದ್ದು). ಆಮೇಲೆ ಪಟೋರ ಎಂಬ ದರ್ಜೆಯ ಅಡಿಕೆ ಸೇರಿಸಿ, ಆಮೇಲೆ ಉಳ್ಳಿಗಡ್ಡೆ ಎಂಬ ದರ್ಜೆಯದ್ದು. ಮೊದಲು ಒಳಗಿನ ಕೋಣೆಯಲ್ಲಿ ಸದ್ದಿಲ್ಲದೆ ಮಾಡಲಿ. ಅದು ಸಲೀಸಾದ ಮೇಲೆ ಜಗಲಿಗೆ ಬನ್ನಿ, ರೇಡಿಯೋ ಹಾಕಿ. ಕೊನೆಗೆ ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿರಲಿ. ಹೀಗೆ ಒಂದೊಂದೇ ಮೆಟ್ಟಿಲು ಏರಿಸುವುದೇ ಥೆರಪಿ. ಬೀಡಿ ಕಟ್ಟುತ್ತಿದ್ದ ಅಕ್ಕನಿಗೆ ಎಲೆ ಕತ್ತರಿಸುವುದು, ಇಪ್ಪತ್ತೈದರ ಕಟ್ಟು ಎಣಿಸುವುದು. ಚೆಂಡೆ ಬಾರಿಸುತ್ತಿದ್ದವರಿಗೆ ತಾಳ ಹಿಡಿಯುವುದು. ಗೊತ್ತಿದ್ದ ಕೆಲಸದಲ್ಲಿ ಕೈ ತಾನಾಗಿ ಮುಂದೆ ಹೋಗುತ್ತದೆ, ತಲೆ ಹಿಂದೆ ಬರುತ್ತದೆ.

ಹೇಳಿದ್ದು ಐದು ನಿಮಿಷದಲ್ಲಿ ಮರೆತು ಹೋಗುತ್ತದೆ. ಮನೆಯಲ್ಲಿ ಏನು ಮಾಡಬಹುದು?

ನೆನಪನ್ನೇ ಬಲ ಮಾಡುವುದಕ್ಕಿಂತ ನೆನಪಿನ ಕೆಲಸವನ್ನು ಹೊರಗೆ ಇಡುವುದು ಜಾಸ್ತಿ ಫಲ ಕೊಡುತ್ತದೆ. ಒಂದೇ ಒಂದು ಪುಸ್ತಕ ಇರಲಿ, ಅಂಗಿಯ ಜೇಬಿನಲ್ಲಿ ಹಿಡಿಸುವಂಥದ್ದು. ಅದರಲ್ಲಿ ಇವತ್ತಿನ ಕೆಲಸ, ಬಂದವರು, ಕೊಟ್ಟ ದುಡ್ಡು. ಅವರದ್ದೇ ಕೈಬರಹ. ಫೋನಿನ ಅಲಾರಂ ಇನ್ನೂ ಒಳ್ಳೆಯದು, ಏಕೆಂದರೆ ಪುಸ್ತಕ ನೋಡಬೇಕು ಎನ್ನುವುದನ್ನೇ ಮರೆಯುತ್ತಾರೆ. ಅಲಾರಂ ಶಬ್ದ ಮಾತ್ರ ಬೇಡ. ಮಗಳ ದನಿಯಲ್ಲಿ "ಅಪ್ಪ, ಮಧ್ಯಾಹ್ನದ ಮಾತ್ರೆ" ಎಂದು ರೆಕಾರ್ಡ್ ಮಾಡಿ ಇಡಿ.

ಹೊಸ ವಿಷಯ ಕಲಿಸುವಾಗ ಊಹೆ ಮಾಡಿಸಬೇಡಿ. "ಮಾತ್ರೆ ಎಲ್ಲಿ ಇದೆ, ಯೋಚನೆ ಮಾಡಿ ಹೇಳಿ" ಎಂದರೆ ಅವರು ತಪ್ಪು ಜಾಗ ಹೇಳುತ್ತಾರೆ. ತಪ್ಪು ಎನ್ನುವುದು ಮರೆತು ಹೋಗುತ್ತದೆ, ಹೇಳಿದ ಜಾಗ ಮಾತ್ರ ತಲೆಯಲ್ಲಿ ಕೂರುತ್ತದೆ. ಅದಕ್ಕೆ ಮೊದಲೇ ಸರಿ ಉತ್ತರ ಕೊಡಿ: "ಮಾತ್ರೆ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇದೆ. ಎಲ್ಲಿ ಇದೆ?" ಕೂಡಲೇ ಹೇಳುತ್ತಾರೆ. ಅರ್ಧ ನಿಮಿಷ ಬಿಟ್ಟು ಕೇಳಿ. ಮತ್ತೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ತಪ್ಪಿದರೆ ಬೈಯದೆ ಸರಿ ಉತ್ತರ ಹೇಳಿ, ಹಿಂದೆ ಸರಿಯಾಗಿ ಹೇಳಿದ್ದ ಅಂತರಕ್ಕೆ ಹಿಂದಿರುಗಿ. ಒಂದು ಹೊತ್ತಿಗೆ ಒಂದೇ ವಿಷಯ. ನಡುನಡುವೆ ಬೇರೆ ಮಾತು, ಬೇರೆ ಕೆಲಸ ಇರಲಿ. ಅರ್ಧ ಗಂಟೆಯ ಅಂತರಕ್ಕೂ ನಿಂತರೆ ಮರುದಿನ ಬೆಳಗ್ಗೆ ನೋಡಿ.

ಇನ್ನೊಂದು ಮಾತು. ಮನೆಯ ಸಾಮಾನಿನ ಜಾಗ ಬದಲಿಸಬೇಡಿ. ಮದುವೆ, ಬ್ರಹ್ಮಕಲಶ ಅಂತ ಮನೆ ಶುಚಿ ಮಾಡಿ ಎಲ್ಲ ಅತ್ತಿತ್ತ ಇಟ್ಟ ವಾರ ಮರೆವು ಜಾಸ್ತಿ ಆಯಿತು ಎಂದು ಫೋನ್ ಬರುವುದು ಖಾಯಂ.

ಅಮ್ಮನಿಗೆ ಅಡುಗೆ ಮಾಡಬೇಕೆಂದು ಆಸೆ. ಬಿಡಬಹುದಾ?

ಬಿಡಿ, ಆದರೆ ಕೆಲಸವನ್ನು ತುಂಡು ಮಾಡಿ. ನೀರುದೋಸೆಯನ್ನೇ ತೆಗೆದುಕೊಳ್ಳಿ. ಅಕ್ಕಿ ನೆನೆಹಾಕುವುದು, ಅರೆಯುವುದು, ನೀರು ಹದ ಮಾಡುವುದು, ಉಪ್ಪು, ಕಾವಲಿ ಕಾಯಿಸುವುದು, ಹೊಯ್ಯುವುದು, ಮುಚ್ಚುವುದು, ತೆಗೆಯುವುದು, ಒಲೆ ನಂದಿಸುವುದು. ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಒಲೆಯ ಹತ್ತಿರ ಅಂಟಿಸಿ. ಓದಲು ಬಾರದಿದ್ದರೆ ಫೋಟೋ. ಮೊದಲ ದಿನಗಳಲ್ಲಿ ಎಲ್ಲ ನೀವು ಮಾಡಿ, ಕೊನೆಯ ಹೆಜ್ಜೆಯೊಂದನ್ನು ಅವರಿಗೆ ಬಿಡಿ. ದೋಸೆ ಕಾವಲಿಯಿಂದ ತೆಗೆದು ಮಡಚಿದವರಿಗೆ ದೋಸೆ ಮಾಡಿದ ತೃಪ್ತಿಯೂ ಸಿಗುತ್ತದೆ. ನಂತರ ಕೊನೆಯ ಎರಡು, ಹಾಗೆಯೇ ಹಿಂದಕ್ಕೆ.

ಎಚ್ಚರ ಬೇಕಾದದ್ದು ಬೆಂಕಿಯ ವಿಷಯದಲ್ಲಿ. ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ವಾಸನೆ ತಿಳಿಯುವುದಿಲ್ಲ. ಗ್ಯಾಸ್ ಸೋರಿದರೂ, ಅನ್ನ ಸೀದರೂ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿಸಿ ಕಾಫಿಪುಡಿ, ಬೆಳ್ಳುಳ್ಳಿ ಹಿಡಿದು ನೋಡಿ. ವಾಸನೆ ಇಲ್ಲದಿದ್ದರೆ ಒಬ್ಬರೇ ಅಡುಗೆಮನೆಯಲ್ಲಿ ಇರಬಾರದು. ಮೆಟ್ಟುಕತ್ತಿ ಸದ್ಯಕ್ಕೆ ಬೇಡ.

ಊಟಕ್ಕೆ ಕೂತರೆ ಎಲೆಯ ಅರ್ಧ ಭಾಗ ಹಾಗೆಯೇ ಬಿಡುತ್ತಾರೆ. ಹಸಿವಿಲ್ಲವಾ?

ಹಸಿವಿದೆ. ಎಡಭಾಗ ಅವರ ಲೆಕ್ಕದಲ್ಲೇ ಇಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ, ಸ್ಟ್ರೋಕ್‌ನಲ್ಲಿ ವಿಶೇಷವಾಗಿ, ಹೀಗಾಗುತ್ತದೆ. ಕಣ್ಣು ಸರಿಯಿದ್ದರೂ ಗಮನ ಎಡಕ್ಕೆ ಹೋಗುವುದಿಲ್ಲ. ನಮ್ಮ ಬಾಳೆ ಎಲೆ ಊಟದಲ್ಲಿ ಉಪ್ಪು, ಉಪ್ಪಿನಕಾಯಿ ಎಲ್ಲ ಎಡತುದಿಯಲ್ಲಿ ಬಡಿಸುವುದು. ಹಾಗಾಗಿ "ಸಪ್ಪೆ, ಉಪ್ಪು ಹಾಕಲೇ ಇಲ್ಲ" ಎಂಬ ಜಗಳ ಶುರುವಾಗುತ್ತದೆ. ಗಡ್ಡ ಒಂದೇ ಕಡೆ ತೆಗೆಯುತ್ತಾರೆ, ಬಾಗಿಲ ದಾರಂದಕ್ಕೆ ಎಡ ಹೆಗಲು ತಾಗಿಸುತ್ತಾರೆ.

ಉಪ್ಪನ್ನು ಬಲಕ್ಕೆ ಬಡಿಸಿ ಸುಧಾರಿಸಬೇಡಿ. ಎಲೆಯ ಎಡ ಅಂಚಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಇಡಿ. "ಕೆಂಪು ಕಾಣುವ ತನಕ ತಲೆ ತಿರುಗಿಸಿ, ಆಮೇಲೆ ಅಲ್ಲಿಂದ ಊಟ ಶುರು ಮಾಡಿ" ಎಂದು ಪ್ರತಿ ಊಟಕ್ಕೆ ಹೇಳಿ. ಪೇಪರ್ ಓದುವಾಗಲೂ ಎಡ ಅಂಚಿಗೆ ಕೆಂಪು ಗೀಟು ಎಳೆಯಿರಿ. ಮಾತಾಡಿಸುವಾಗ ಎಡಗಡೆ ಕೂತುಕೊಳ್ಳಿ. ಮೊದಮೊದಲು ಅವರು ತಿರುಗದಿದ್ದರೆ ಎದುರಿಂದ ಶುರು ಮಾಡಿ ಮೆಲ್ಲ ಎಡಕ್ಕೆ ಸರಿಯಿರಿ. ಕೆಲವರಿಗೆ ಮಾತ್ರ ನಿಜವಾಗಿ ಒಂದು ಕಡೆಯ ದೃಷ್ಟಿಯೇ ಹೋಗಿರುತ್ತದೆ. ಅಂಥವರಿಗೆ ತಮ್ಮ ಕೊರತೆ ಹೆಚ್ಚಾಗಿ ಗೊತ್ತಿರುತ್ತದೆ, ತಾವೇ ತಲೆ ತಿರುಗಿಸಿ ನೋಡುತ್ತಾರೆ. ಯಾವುದು ಯಾವುದೆಂದು ಥೆರಪಿಸ್ಟ್ ಮತ್ತು ಕಣ್ಣಿನ ಡಾಕ್ಟರ್ ನೋಡಿ ಹೇಳಬೇಕು. ರಸ್ತೆ ದಾಟುವುದು, ಗಾಡಿ ಓಡಿಸುವುದು ಎರಡೂ ಆ ತನಕ ಬೇಡ.

ಬೆಳಗ್ಗೆ ಚೆನ್ನಾಗಿರುತ್ತಾರೆ, ಮಧ್ಯಾಹ್ನ ಆದರೆ ಏನೂ ಬೇಡ ಅಂತಾರೆ. ಸೋಮಾರಿತನವಾ?

ಪೆಟ್ಟಾದ ಮಿದುಳು ಬೇಗ ದಣಿಯುತ್ತದೆ. ನಮ್ಮ ಗುಡ್ಡದ ಸುರಂಗದ ನೀರು ನೋಡಿದ್ದೀರಲ್ಲ. ಒಳಗಿಂದ ಸಣ್ಣಗೆ ಹರಿದು ಬಂದು ಟಾಂಕಿ ತುಂಬುತ್ತದೆ. ಬೆಳಗ್ಗೆಯೇ ಎಲ್ಲ ನೀರು ತೋಟಕ್ಕೆ ಬಿಟ್ಟರೆ ಮತ್ತೆ ತುಂಬುವ ತನಕ ಕಾಯಲೇಬೇಕು, ಬೈದರೆ ನೀರು ಬರುವುದಿಲ್ಲ. ಹಾಗಾಗಿ ಕಷ್ಟದ ಕೆಲಸ ಬೆಳಗ್ಗೆ, ನಡುವೆ ವಿಶ್ರಾಂತಿ. ಪೂರ್ತಿ ದಣಿದ ಮೇಲೆ ಅಲ್ಲ, ದಣಿಯುವ ಮೊದಲೇ. ಸ್ನಾನ, ಥೆರಪಿ, ನೆಂಟರು ಮೂರೂ ಒಂದೇ ಬೆಳಗ್ಗೆ ಬೇಡ.

ಬೇರೆ ಕೆಲವರು ಇಡೀ ದಿನ ಸುಮ್ಮನೆ ಕೂತಿರುತ್ತಾರೆ. ಕೇಳಿದರೆ "ಮಾಡ್ತೇನೆ" ಅಂತಾರೆ, ಏಳುವುದಿಲ್ಲ. ಇದು ಹಣೆಯ ಹಿಂದಿನ ಭಾಗದ ತೊಂದರೆ. ಕೆಲಸಕ್ಕೆ ಕೀಲಿ ಕೊಡುವ ಭಾಗವೇ ಕೆಟ್ಟಿದೆ. "ಎಂತಾದರೂ ಮಾಡಿ" ಎಂದರೆ ಪ್ರಯೋಜನ ಇಲ್ಲ. "ಏಳಿ, ಚಪ್ಪಲಿ ಹಾಕಿ, ದನಕ್ಕೆ ಹುಲ್ಲು ಹಾಕುವ" ಎಂದು ಒಂದೊಂದೇ ಹೇಳಿ ಜೊತೆಗೆ ಹೊರಡಿ. ದಿನವೂ ಅದೇ ಹೊತ್ತಿಗೆ.

ಸಣ್ಣ ವಿಷಯಕ್ಕೂ ಸಿಟ್ಟು, ಬೈಗುಳ. ದೈವದ ಉಪದ್ರವ ಅಂತ ಕೆಲವರು ಹೇಳುತ್ತಾರೆ.

ಮನೆಯ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ದೈವಕ್ಕೆ ತಂಬಿಲದ ಪೂಜೆ ಕೊಡಬೇಕೆಂದಿದ್ದರೆ ಕೊಡಿ. ಆದರೆ ಅಪಸ್ಮಾರದ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಕಷಾಯ, ಎಣ್ಣೆ, ಬೇರೆ ಯಾವುದೇ ಮದ್ದು ಶುರು ಮಾಡುವುದಿದ್ದರೂ ಡಾಕ್ಟರಿಗೆ ತಿಳಿಸಿ.

ಸಿಟ್ಟು ತಡೆಯುವ ಶಕ್ತಿ ಮಿದುಳಿನ ಕೆಲಸ. ಅದು ಕುಗ್ಗಿದಾಗ ಮೊದಲು ಬರುವುದು ಬೈಗುಳವೇ. ಯಾವಾಗ ಬರುತ್ತದೆ ಎಂದು ಒಂದು ವಾರ ಬರೆದಿಡಿ: ಎಷ್ಟು ಗಂಟೆ, ಯಾರಿದ್ದರು, ಮೊದಲು ಏನಾಗಿತ್ತು. ಹಸಿವು, ದಣಿವು, ಗಲಾಟೆ, ಒಟ್ಟಿಗೆ ಮೂರು ಮಂದಿ ಮಾತಾಡುವುದು, ಹೆಚ್ಚಾಗಿ ಇವುಗಳಲ್ಲೊಂದು ಸಿಕ್ಕೇ ಸಿಗುತ್ತದೆ. ಸಿಟ್ಟು ಏರಿದಾಗ ವಾದ ಬೇಡ, ಅಲ್ಲಿಂದ ಎದ್ದು ಹೋಗಿ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈ ಮಾಡುವಷ್ಟಾದರೆ ಸಹಿಸಿಕೊಂಡು ಕೂರಬೇಡಿ, ಕೂಡಲೇ ಮಾನಸಿಕ ತಜ್ಞರಿಗೆ ತೋರಿಸಿ. ಮದ್ದು ಇದೆ. ಕುಡಿತ ಪೂರ್ತಿ ಬಂದ್. ಸ್ವಲ್ಪ ಎನ್ನುವುದೂ ಇಲ್ಲ.

"ನನಗೇನೂ ಆಗಿಲ್ಲ" ಅಂತ ಥೆರಪಿಗೇ ಬರುವುದಿಲ್ಲ.

ಹಠ ಇರಬಹುದು. ಹೆಚ್ಚಾಗಿ ತನ್ನ ಕೊರತೆ ತನಗೆ ಕಾಣುವ ಶಕ್ತಿಯೇ ಪೆಟ್ಟಿನಲ್ಲಿ ಹೋಗಿರುತ್ತದೆ. ಪಟ್ಟಿ ಮಾಡಿ ತೋರಿಸಿದರೆ ಒಪ್ಪುವುದಿಲ್ಲ. ಕೆಲಸದ ಮೊದಲು ಅವರಿಂದಲೇ ಅಂದಾಜು ಕೇಳಿ. "ಅಂಗಡಿಯಿಂದ ಆರು ಸಾಮಾನು ತರಬೇಕು, ಚೀಟಿ ಇಲ್ಲದೆ ಎಷ್ಟು ನೆನಪಿರಬಹುದು?" ಆರೂ ಅಂತಾರೆ. ಮೂರು ತಂದರೆ ನೀವು ಏನೂ ಹೇಳಬೇಡಿ, ಚೀಲ ಮತ್ತು ಪಟ್ಟಿ ಪಕ್ಕದಲ್ಲಿಡಿ. ಮುಂದಿನ ಸಲ ಚೀಟಿ ಕೊಡಿ. ತಾನೇ ಕಂಡುಕೊಂಡದ್ದನ್ನು ಒಪ್ಪುವುದು ಸುಲಭ.

ಅಡಿಕೆ ಮರ ಹತ್ತುವುದೇ ಕಸುಬು. ಮತ್ತೆ ಯಾವಾಗ ಹತ್ತಬಹುದು?

ಮಧ್ಯಮ ಅಥವಾ ತೀವ್ರ ಪೆಟ್ಟಾಗಿದ್ದರೆ, ಅಥವಾ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ, ನನ್ನ ಉತ್ತರ: ಹತ್ತಬೇಡಿ. ಮರದ ತುದಿಯಲ್ಲಿ ಒಂದು ಕ್ಷಣ ತಲೆ ತಿರುಗಿದರೆ ಮುಗಿಯಿತು. ಪೆಟ್ಟಾಗಿ ತಿಂಗಳುಗಳ ನಂತರವೂ ಫಿಟ್ಸ್ ಶುರುವಾಗಬಹುದು. ಕೆರೆ, ಬಾವಿಕಟ್ಟೆ, ಮಿಷನ್ ಕತ್ತಿ ಎಲ್ಲಕ್ಕೂ ಇದೇ ಮಾತು.

ಆದರೆ ತೋಟದ ಕೆಲಸ ಎಂದರೆ ಮರ ಹತ್ತುವುದು ಮಾತ್ರವಲ್ಲ. ನೆಲದಲ್ಲಿ ನಿಂತೇ ಕೊಯ್ಯುವ ದೋಟಿ ಈಗ ಎಲ್ಲ ಕಡೆ ಬಂದಿದೆ. ಅದಕ್ಕೂ ಕುತ್ತಿಗೆ ಎತ್ತಿ ನೋಡಿದರೆ ತಲೆಸುತ್ತು ಬರುವುದಿಲ್ಲ ಎಂದು ಮೊದಲು ಖಾತ್ರಿಯಾಗಬೇಕು. ಅಡಿಕೆ ಹೆಕ್ಕುವುದು, ಒಣಗಿಸುವುದು, ವಿಂಗಡಿಸುವುದು, ಗೊನೆ ಲೆಕ್ಕ ಬರೆಯುವುದು, ಹಾಳೆ ತಟ್ಟೆಯ ಕೆಲಸ. ವಾರಕ್ಕೆ ಎರಡು ಮೂರು ಅರ್ಧ ದಿನದಿಂದ ಶುರು ಮಾಡಿ. ಯಜಮಾನರಿಗೆ ಮೊದಲೇ ತಿಳಿಸಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಐದು ಕೆಲಸ ಒಟ್ಟಿಗೆ ಹೇಳಬೇಡಿ.

ಎಲ್ಲಿಗೆ ಹೋಗಬೇಕು? ಮಂಗಳೂರಾ, ಕೇರಳದ ಒಳಗಾ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಪಘಾತ ಆದರೆ ನಮ್ಮವರು ಹೋಗುವುದು ಅಲ್ಲಿಗೇ. ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಹತ್ತಿರ, ಭಾಷೆಯ ತೊಂದರೆಯೂ ಕಡಿಮೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಕಾಲೇಜು ವಿಭಾಗವೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗ ಇದೆ. ಮಾತು ಹೋದವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, 1965ರಿಂದ ಇರುವಂಥದ್ದು. ಕೇರಳದ ಒಳಗೆ ತೃಶ್ಶೂರು ಜಿಲ್ಲೆಯ ಇರಿಂಞಾಲಕುಡದ ಹತ್ತಿರ ಕಲ್ಲೇಟ್ಟುಂಕರದಲ್ಲಿ ನಿಪ್ಮರ್ ಎಂಬ ಪುನಶ್ಚೇತನ ಸಂಸ್ಥೆ ಇದೆ. ಗಡಿ ದಾಟುವ ಮೊದಲು ನಿಮ್ಮ ಆರೋಗ್ಯ ವಿಮೆ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಎಂದು ಫೋನ್ ಮಾಡಿ ಕೇಳಿ.

ಆದರೆ ವಾರಕ್ಕೊಮ್ಮೆ ಹೋಗಿ ಬರುವ ಒಂದು ಗಂಟೆಯ ಮೇಲೆ ಎಲ್ಲ ಭಾರ ಹಾಕಬೇಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲಕ್ಕೆ ತಲಪಾಡಿ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಹಾಕಿದ್ದನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಮನೆಯಲ್ಲಿ ಏನು ಮಾಡಬೇಕೆಂದು ಗೊತ್ತಿದ್ದವರಿಗೆ ಮಾತ್ರ ಆ ದಿನಗಳಲ್ಲಿ ಥೆರಪಿ ನಿಲ್ಲಲಿಲ್ಲ. ಥೆರಪಿಸ್ಟ್ ಹತ್ತಿರ ಪ್ರತಿ ಸಲವೂ "ಈ ವಾರ ಮನೆಯಲ್ಲಿ ಮಾಡುವುದೇನು?" ಎಂದು ಕೇಳಿ, ಮಾಡುವ ಕ್ರಮವನ್ನು ವಿಡಿಯೋ ಮಾಡಿಕೊಳ್ಳಿ. ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಸಾಕು.

ಅಂಗವೈಕಲ್ಯ ಸರ್ಟಿಫಿಕೇಟ್ ಸಿಗುತ್ತದಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ 21 ಬಗೆ ಇವೆ. ಮಿದುಳಿನ ಪೆಟ್ಟು ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲ. ಪೆಟ್ಟಿನಿಂದ ಆದ ಪರಿಣಾಮವನ್ನು ನೋಡುತ್ತಾರೆ: ಕೈಕಾಲಿನ ಶಕ್ತಿ ಹೋದದ್ದು, ಮಾತು ಹೋದದ್ದು, ಮಾನಸಿಕ ತೊಂದರೆ. ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ 40 ಶೇಕಡಾ ಬೇಕು. ಮೆಡಿಕಲ್ ಬೋರ್ಡಿಗೆ ಹೋಗುವಾಗ ಮರೆವು, ವರ್ತನೆಯ ವಿಷಯಗಳಿಗೂ ಪರೀಕ್ಷೆಯ ವರದಿ ಒಯ್ಯಿರಿ. ಇಲ್ಲದಿದ್ದರೆ ನಡೆದುಕೊಂಡು ಬಂದವರನ್ನು ನೋಡಿ "ಸರಿ ಇದ್ದಾರೆ" ಎಂದು ಬರೆಯುವ ಸಾಧ್ಯತೆ ಇದೆ. ಅರ್ಜಿ, ಪತ್ರ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮ್ಮಂಥ ಕನ್ನಡಿಗರಿಗೆ ಈ ಹಕ್ಕು ಕೊಟ್ಟಿದೆ. ಪೂರ್ತಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯೂ ಇದೆ.

ವಾಹನ ಅಪಘಾತದ ಪರಿಹಾರದ ಕೇಸಿಗೂ ಥೆರಪಿಗೂ ಸಂಬಂಧ ಇದೆಯಾ?

ಇದೆ. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಶರೀರಕ್ಕಾದ ಶೇಕಡಾವಾರು ನಷ್ಟ ಒಂದು, ಅದರಿಂದ ಆ ಮನುಷ್ಯನ ಸಂಪಾದನೆಗೆ ಆದ ನಷ್ಟ ಇನ್ನೊಂದು. ಅವನು ಯಾವ ಕೆಲಸ ಮಾಡುತ್ತಿದ್ದ ಎಂದು ನೋಡಬೇಕು. ಲೆಕ್ಕ ಬರೆಯುತ್ತಿದ್ದವನಿಗೆ ಮರೆವು ಬಂದರೆ ಕೈಕಾಲು ಸರಿಯಿದ್ದೂ ಕೆಲಸ ಹೋಯಿತಲ್ಲ. ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬ ಥೆರಪಿಸ್ಟ್‌ನ ವರದಿ ಅಲ್ಲಿ ಉಪಯೋಗಕ್ಕೆ ಬರುತ್ತದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಇದೆ. ಬೇಗ ವಕೀಲರನ್ನು ನೋಡಿ.

ನೋಡಿಕೊಳ್ಳುವವರಿಗೇ ಸಾಕಾಗಿ ಹೋಗಿದೆ.

ಇದನ್ನು ಹೆಂಡತಿಯೋ ಸೊಸೆಯೋ ಹೇಳುವುದು ಜಾಸ್ತಿ, ಅದೂ ಗೇಟಿನ ತನಕ ನನ್ನನ್ನು ಕಳುಹಿಸಲು ಬಂದಾಗ. ಮನೆಯ ಗಂಡಸರು ಫೈಲು ಹಿಡಿದು ಆಸ್ಪತ್ರೆಗೆ ಓಡುತ್ತಾರೆ, ದಿನದ ಇಪ್ಪತ್ತನಾಲ್ಕು ಗಂಟೆಯ ಕೆಲಸ ಒಬ್ಬಳ ಮೇಲೆ ಬೀಳುತ್ತದೆ. ವಾರಕ್ಕೆ ಎರಡು ಮಧ್ಯಾಹ್ನ ಬೇರೆ ಒಬ್ಬರು ಕೂರಲೇಬೇಕು. ಯಾರು, ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಹೆಸರು ಬರೆಯಿರಿ, ಬಾಯಿಮಾತು ಸಾಲದು. ನಿದ್ದೆ ಇಲ್ಲ, ಅಳು ಬರುತ್ತದೆ, ಬದುಕು ಬೇಡ ಅನಿಸುತ್ತದೆ ಎಂದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಗೆ ಬಂದ ಮೇಲೆ ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು?

ಏರುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಹೊಸದಾಗಿ ಕೈಕಾಲು ಅಥವಾ ಮಾತು ಸೋಲುವುದು, ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಇಳಿಯುವುದು. 108ಕ್ಕೆ ಕರೆ ಮಾಡಿ. ವಯಸ್ಸಾದವರಲ್ಲಿ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಹೆಚ್ಚಿನ ಎಚ್ಚರ ಬೇಕು. ಬಚ್ಚಲಲ್ಲಿ ಜಾರಿ ತಲೆ ಸ್ವಲ್ಪ ತಾಗಿದ್ದು ಅಷ್ಟೇ ಇರುತ್ತದೆ. ವಾರಗಳ ನಂತರ ಅಜ್ಜನ ನಡಿಗೆ ಎಡವಟ್ಟಾಗುತ್ತದೆ, ಮಾತು ಮಂಕಾಗುತ್ತದೆ. ವಯಸ್ಸಾಯಿತು ಅಂತ ಬಿಡಬೇಡಿ. ಒಳಗೆ ಮೆಲ್ಲನೆ ರಕ್ತ ಸೇರಿರಬಹುದು, ಅದನ್ನು ಆಪರೇಷನ್ ಮಾಡಿ ತೆಗೆಯಲು ಆಗುತ್ತದೆ.

ಮೊದಲ ಸಲ ಥೆರಪಿಸ್ಟ್ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ, ಈಗ ತಿನ್ನುವ ಮಾತ್ರೆಗಳು, ಕನ್ನಡಕ ಇದ್ದರೆ ಕನ್ನಡಕ. ಅವರನ್ನು ದಿನವೂ ನೋಡಿಕೊಳ್ಳುವವರೇ ಜೊತೆಗೆ ಬರಲಿ. ಪೆಟ್ಟಿಗೆ ಮೊದಲು ಅವರ ಒಂದು ದಿನ ಹೇಗಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ: ಎಷ್ಟಕ್ಕೆ ಏಳುತ್ತಿದ್ದರು, ಯಾವ ಪೇಪರ್ ಓದುತ್ತಿದ್ದರು, ಲೆಕ್ಕ ಯಾರು ಬರೆಯುತ್ತಿದ್ದರು, ಸಂಜೆ ಎಲ್ಲಿಗೆ ಹೋಗುತ್ತಿದ್ದರು, ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು. ಅವರು ಮತ್ತೆ ಮಾಡಬೇಕೆಂದು ಆಸೆಪಡುವ ಕೆಲಸ ಒಂದನ್ನು ಅವರಿಂದಲೇ ಕೇಳಿ ಕೆಳಗೆ ಬರೆಯಿರಿ. ಮಾತು ಬಾರದಿದ್ದರೆ ಫೋಟೋ ತೋರಿಸಿ ಕೇಳಿ. ಆ ಕೆಲಸಕ್ಕೆ ಬೇಕಾದ ಸಾಮಾನು ಚೀಲದಲ್ಲಿ ಹಿಡಿಸುವಂಥದ್ದಾದರೆ ಅದನ್ನೂ ತನ್ನಿ.